ಒಂದು ಕೋಟು, ಎರಡೂವರೆ ಗೀಟು

ಬೇರೆಯವರ ಅಂಗಡಿಗೆ ಗಿರಾಕಿಗಳು ಬರುತ್ತಾರೆ. ನಮ್ಮ ಅಂಗಡಿಗೆ ಗಜಾಲಿಗಳು ಬರುತ್ತವೆ, ಗಿರಾಕಿಗಳನ್ನು ಕೈ ಹಿಡಿದು ಕರೆದುಕೊಂಡು. ಗಜಾಲಿ ಅಂದರೆ ನಮ್ಮ ಕಾರವಾರ, ಅಂಕೋಲೆ ಕಡೆ ಕೂತು ಹೇಳುವ ಕತೆ. ಅರ್ಧ ನಡೆದದ್ದು, ಅರ್ಧ ನಡೆಯಬೇಕಾಗಿದ್ದದ್ದು. ನಾನು ಹೇಳುವುದರಲ್ಲಿ ಮಾತ್ರ ಎರಡೂ ಅರ್ಧ ನಡೆದದ್ದೇ. ನಂಬುವವರು ನಂಬಿ, ನಂಬದವರು ಅಂಗಡಿಗೆ ಬಂದು ಗೋಡೆ ನೋಡಿ. ಗೋಡೆಯ ಮಾತು ಆಮೇಲೆ ಬರುತ್ತದೆ.

ನಾನು ನಲವತ್ತು ವರ್ಷ ಬೇಲೆಕೇರಿಯ ದೋಣಿಗಳಿಗೆ ಬಣ್ಣ ಹೊಡೆದವ, ಹೆಸರು ಬರೆದವ. ಶಾಲೆಗೆ ಹೋದದ್ದು ಒಂದೇ ಸಲ, ಅದೂ ಅದರ ಬಾಗಿಲಿಗೆ ಬಣ್ಣ ಹೊಡೆಯಲು. ಅಕ್ಷರ ಕಲಿತದ್ದು ದೋಣಿಯ ಮೇಲೆ ಬರೆದೂ ಬರೆದೂ. ಹಾಗಾಗಿ ಇವತ್ತಿಗೂ ನನ್ನ ಅಕ್ಷರ ಗೇಣುದ್ದ ಇದ್ದರೆ ಮಾತ್ರ ಚೆಂದ. ಚೆಕ್ಕಿನ ಮೇಲೆ ಸಹಿ ಹಾಕು ಅಂದರೆ ಎರಡು ಚೆಕ್ಕು ಬೇಕು. ಆದರೆ ಕೈಚಳಕ ಕೇಳಬೇಡಿ. ಒಂದು ಊಟದ ಹೋಟೆಲಿನ ಗೋಡೆಗೆ ನಾನು ಬಂಗಡೆ ಮೀನು ಬರೆದಿದ್ದೆ. ಊರಿನ ಬೆಕ್ಕುಗಳೆಲ್ಲ ಬಂದು ನೆಕ್ಕಿ ನೆಕ್ಕಿ ಮೂರು ತಿಂಗಳಲ್ಲಿ ಬರೀ ಮುಳ್ಳು ಉಳಿಯಿತು. ಮುಳ್ಳನ್ನು ನಾನು ಬರೆದೇ ಇರಲಿಲ್ಲ.

ಆಮೇಲೆ ಫ್ಲೆಕ್ಸ್ ಬಂತು, ಅಂಟಿಸುವ ಅಕ್ಷರ ಬಂತು, ಕುಂಚ ಒಣಗಿತು. ಮಗ ಕಾರವಾರದಲ್ಲಿ ನೌಕಾನೆಲೆಯ ಗುತ್ತಿಗೆ ಕೆಲಸಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಸೊಸೆ ಅಂಕೋಲೆಯ ಬಸ್ ನಿಲ್ದಾಣದ ಹತ್ತಿರ ಫೋಟೋ, ಝೆರಾಕ್ಸ್, ಲ್ಯಾಮಿನೇಶನ್ ಅಂಗಡಿ ಇಟ್ಟಿದ್ದಾಳೆ. ಮನೆಯಲ್ಲಿ ಕೂತು ನಾನು ಬಾಗಿಲಿಗೆ, ಬಕೆಟಿಗೆ, ಕೊನೆಗೆ ಬಾಳೆಗೊನೆಗೂ ಬಣ್ಣ ಹೊಡೆಯಲು ಶುರು ಮಾಡಿದಾಗ ಅವಳೇ ನನ್ನನ್ನು ಕರೆದುಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂರಿಸಿದಳು. ತಿರುಗುವ ಕುರ್ಚಿ, ಮೇಲೊಂದು ದಿಂಬು, ಎದುರಿಗೆ ಫ್ಯಾನು. ಆ ಕುರ್ಚಿಯಲ್ಲಿ ಕೂತ ದಿನ ನನಗೆ ಇನ್ನೊಂದು ನಲವತ್ತು ವರ್ಷ ಆಯುಷ್ಯ ಬಂತು ಅನ್ನಿಸಿತು.

ಒಂದೇ ಒಂದು ಕರಾರು ಹಾಕಿದಳು. "ಮಾವಾ, ಗಿರಾಕಿ ಹೇಳಿದಷ್ಟು ಮಾತ್ರ ಮಾಡಬೇಕು. ನಿಮ್ಮ ಕೈಚಳಕ ಸೇರಿಸಬಾರದು. ಒಂದು ದೂರು ಬಂದರೆ ಗೋಡೆಗೆ ಒಂದು ಗೀಟು. ಮೂರು ಗೀಟು ಆದ ದಿನ ನೀವು ಈ ಕುರ್ಚಿ ಬಿಟ್ಟು ಲ್ಯಾಮಿನೇಶನ್ ಯಂತ್ರದ ಸ್ಟೂಲಿಗೆ."

ಆ ಯಂತ್ರದ ಮುಂದೆ ಕೂತರೆ ಕೆಲಸ ಏನು ಗೊತ್ತೇ? ಈಚೆಯಿಂದ ಕಾಗದ ಹಾಕುವುದು, ಆಚೆಯಿಂದ ತೆಗೆಯುವುದು. ಬೇಲೆಕೇರಿಯ ಅರ್ಧ ಸಮುದ್ರಕ್ಕೆ ಬಣ್ಣ ಹೊಡೆದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಬಾಯಲ್ಲಿ ಕುಂಚ ಕಚ್ಚಿದ ಪ್ರಾಣಿ

ಮೊದಲು ಅಂಗಡಿಯ ಕಂಪ್ಯೂಟರಿನಲ್ಲಿ ಫೋಟೋ ತಿದ್ದಲು ಇದ್ದ ಸಾಫ್ಟ್‌ವೇರ್ ತಿಂಗಳು ತಿಂಗಳು ಬಾಡಿಗೆ ಕೇಳುತ್ತಿತ್ತು. ಸೊಸೆ ಅದನ್ನು ಕಿತ್ತು, ಬಿಟ್ಟಿ ಸಿಗುವ ಇನ್ನೊಂದನ್ನು ಹಾಕಿದಳು. ಗಿಂಪ್ ಅಂತ ಅದರ ಹೆಸರು. ತೆರೆದರೆ ಒಂದು ಪ್ರಾಣಿಯ ಮುಖ ಕಾಣುತ್ತದೆ. ನಾಯಿಯೂ ಅಲ್ಲ, ನರಿಯೂ ಅಲ್ಲ. ದೊಡ್ಡ ಕಣ್ಣು, ಬಾಯಲ್ಲಿ ಅಡ್ಡ ಕಚ್ಚಿದ ಕುಂಚ. ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ದೋಣಿಯ ಮಗ್ಗುಲಿಗೆ ಹಲಗೆ ಕಟ್ಟಿಕೊಂಡು ನಿಂತು ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಡಬ್ಬಿ ಹಿಡಿದಾಗ ನಾನೂ ಕುಂಚ ಇಟ್ಟುಕೊಳ್ಳುತ್ತಿದ್ದದ್ದು ಅಲ್ಲೇ. "ಇವ ನಮ್ಮವನೇ" ಅಂದೆ.

ಇಂಗ್ಲಿಷ್ ನನಗೆ ಬರುವುದಿಲ್ಲ. ಬೇಕಾಗಿಯೂ ಇಲ್ಲ. ಪ್ರತಿ ಹತಾರಕ್ಕೂ ಒಂದು ಚಿತ್ರ ಇದೆ. ರಬ್ಬರ್ ಸ್ಟಾಂಪಿನ ಚಿತ್ರ ಒತ್ತಿದರೆ ಇಲ್ಲಿದ್ದದ್ದನ್ನು ಅಲ್ಲೂ ಮೂಡಿಸಬಹುದು. ಗಾಯದ ಪಟ್ಟಿಯ ಚಿತ್ರ ಒತ್ತಿದರೆ ಮೊಡವೆ, ಕಲೆ ಎಲ್ಲ ವಾಸಿ. ಬೆರಳಿನ ಚಿತ್ರ ಬಣ್ಣ ಉಜ್ಜಲಿಕ್ಕೆ. ಒಂದೇ ತಿಂಗಳಲ್ಲಿ ನಾನು ಅಂಕೋಲೆ ತಾಲೂಕಿನಲ್ಲಿ ಮೊಡವೆ ಅನ್ನುವುದೇ ಇಲ್ಲದ ಹಾಗೆ ಮಾಡಿದೆ. ಮೊಡವೆಗೆ ಮುಲಾಮು ಮಾರುವವನೊಬ್ಬ ಅಂಗಡಿಯ ಮುಂದೆ ಹಾದು ಹೋಗುವಾಗ ಮುಖ ತಿರುಗಿಸುತ್ತಿದ್ದ.

ಒಂದು ದಿನ ದೊಡ್ಡ ಫೋಟೋಕ್ಕೆ ಪಟ್ಟಿ ಹಚ್ಚುತ್ತಿದ್ದಾಗ ಪ್ರಾಣಿ ಕಲ್ಲಾಗಿ ನಿಂತುಬಿಟ್ಟಿತು. ಅಲ್ಲಾಡುವುದಿಲ್ಲ. "ಇದನ್ನು ಮಾಡಿದವರಿಗೆ ಒಂದು ಕಾಗದ ಬರಿ" ಅಂದೆ ಸೊಸೆಗೆ.

"ಯಾರಿಗೆ ಅಂತ ಬರೀಲಿ ಮಾವಾ? ಇದನ್ನು ಮಾಡಿದವರು ಲೋಕದ ತುಂಬ ಇದ್ದಾರೆ."

"ಹಾಗಾದರೆ ಲೋಕಕ್ಕೇ ಬರಿ. ಬೇಲೆಕೇರಿಯ ಪೇಂಟರು ಹೇಳಿದ್ದಾರೆ ಅಂತ ಹಾಕು."

ಬರೆದಳು. ವಾರದೊಳಗೆ ಉತ್ತರ ಬಂತು, ಯಾವ ದೇಶದಿಂದಲೋ. ಮೊದಲನೆಯ ಸಾಲಿನಲ್ಲೇ ನನಗೆ ಥ್ಯಾಂಕ್ಸ್! ನಾನು ಚಾದಂಗಡಿಗೆ ಹೋಗಿ ನಾಲ್ಕು ಜನರಿಗೆ ಹೇಳಿದೆ, ಐದನೆಯವ ತಾನಾಗಿ ಕೇಳಿಸಿಕೊಂಡ. "ನಾನು ಇಲ್ಲಿಂದ ಒಂದು ಮಾತು ಹೇಳಿದೆ, ಅವರು ಅಲ್ಲಿ ರಿಪೇರಿ ಮಾಡಿದರು."

ಚಾ ತೆಗೆದುಕೊಂಡು ಹೋಗಲು ಬಂದ ಸೊಸೆ ಎಲ್ಲರ ಎದುರಿಗೆ ಅಂದಳು, "ಮಾವಾ, ಪೂರ್ತಿ ಓದಿ ಹೇಳ್ತೇನೆ ಕೇಳಿ. ಅದು ಎರಡು ವರ್ಷದ ಹಿಂದೆಯೇ ರಿಪೇರಿ ಆಗಿದೆಯಂತೆ. ನಾವು ಹೊಸದು ಹಾಕಿಕೊಳ್ಳಬೇಕಿತ್ತು, ಅಷ್ಟೇ."

ಚಾದಂಗಡಿಯಲ್ಲಿ ನಗು ಶುರುವಾಯಿತು. ನಾನು ಬಸಿಯಲ್ಲಿದ್ದ ಚಾ ನಿಧಾನ ಮುಗಿಸಿ ಅಂದೆ, "ನೋಡಿದಿರಾ ಗೌರವ! ನಾನು ಹೇಳುವುದಕ್ಕೆ ಎರಡು ವರ್ಷ ಮೊದಲೇ ಮಾಡಿ ಇಟ್ಟುಕೊಂಡು ಕಾಯ್ತಾ ಇದ್ದರು."

ಬಾಳೆಗುಳಿಯ ಇಸ್ವಣ

ನನ್ನ ಹಳೆಯ ಗೆಳೆಯನೊಬ್ಬ ಬೇಲೆಕೇರಿಯಲ್ಲಿ ತಾಂಡೇಲ, ಅಂದರೆ ದೋಣಿಯ ಮುಖ್ಯಸ್ಥ. ಬಾಳೆಗುಳಿಯ ಹೆದ್ದಾರಿ ಕೂಡುವಲ್ಲಿ ತಮ್ಮನ ಹೆಸರಿನಲ್ಲಿ ಮೀನಿನಂಗಡಿ ತೆರೆಯುವುದಕ್ಕೆ ಹೊರಟಿದ್ದ. ಮೊಬೈಲಿನಲ್ಲಿ ಒಂದು ಇಸ್ವಣ ಮೀನಿನ ಫೋಟೋ ಹಿಡಿದುಕೊಂಡು ಬಂದ. ದೊಡ್ಡ ಮೀನೇ, ಒಪ್ಪುತ್ತೇನೆ. ಆದರೆ ಫೋಟೋ ತೆಗೆದವ ಬಾಲ ಬಿಟ್ಟು ತೆಗೆದಿದ್ದ, ಹೊಟ್ಟೆಯ ಮೇಲೆ ಯಾರದ್ದೋ ಚಪ್ಪಲಿ ಕಾಲು.

"ಇದನ್ನು ಬ್ಯಾನರ್ ಮಾಡಿ ಕೊಡು ಮಾರಾಯಾ. ಗೋವಾದ ಕಡೆಗೆ ಹೋಗುವ ಕಾರುಗಳೆಲ್ಲ ಬ್ರೇಕ್ ಹಾಕಬೇಕು."

ಕಾಲು ತೆಗೆದೆ. ಬಾಲ ಬರೆದೆ. ತಾಂಡೇಲ ನನ್ನ ಹೆಗಲ ಹಿಂದೆ ನಿಂತು ನೋಡುತ್ತಿದ್ದ. "ಒಂಚೂರು ಉದ್ದ ಮಾಡ್ಲಿಕ್ಕಾಗ್ತದಾ?"

"ನನ್ನ ಕೈಯಲ್ಲಿ ಆಗದ್ದು ಇದೆಯಾ?" ಸ್ಟಾಂಪಿನ ಹತಾರ ತೆಗೆದುಕೊಂಡು ಹೊಟ್ಟೆಯಿಂದ ಸ್ವಲ್ಪ ಎತ್ತಿ ಹೊಟ್ಟೆಗೇ ಸೇರಿಸಿದೆ.

"ಇನ್ನೊಂಚೂರು."

ಅವ 'ಇನ್ನೊಂಚೂರು' ಅನ್ನುತ್ತಾ ಹೋದ, ನಾನು ಎಳೆಯುತ್ತಾ ಹೋದೆ. ಹೀಗೆ ಎತ್ತಿ ಎತ್ತಿ ಅಂಟಿಸುವಾಗ ಒಂದು ಸಲ ತಲೆಯ ಕಡೆಯಿಂದಲೂ ಎತ್ತಿರಬೇಕು. ಬ್ಯಾನರ್ ಮುಗಿಯುವಷ್ಟರಲ್ಲಿ ಇಸ್ವಣ ತಾಂಡೇಲನ ದೋಣಿಗಿಂತ ಉದ್ದ ಆಗಿತ್ತು, ಹೊಟ್ಟೆಯ ನಡುವೆ ಇನ್ನೊಂದು ಕಣ್ಣು. ನಾವಿಬ್ಬರೂ ಉದ್ದ ನೋಡುತ್ತಿದ್ದೆವು, ಕಣ್ಣು ಯಾರು ನೋಡುತ್ತಾರೆ?

ಕಾರವಾರದಿಂದ ಇಬ್ಬರು ಮೀನಿನ ಮೇಲೆ ಓದು ಮಾಡುವವರು ಬಸ್ಸಿನಲ್ಲಿ ಹೋಗುವಾಗ ನೋಡಿದರು. ಬಾಳೆಗುಳಿಯಲ್ಲೇ ಇಳಿದು ಅಂಗಡಿಯ ಮುಂದೆ ನಿಂತರು. ಒಬ್ಬರ ಕೈಯಲ್ಲಿ ಅಳತೆಯ ಪಟ್ಟಿ. "ಇದು ಎಲ್ಲಿ ಸಿಕ್ಕಿತು? ಈ ಜಾತಿಯ ಮೀನು ನಮ್ಮ ಪುಸ್ತಕದಲ್ಲೇ ಇಲ್ಲ."

ಸುತ್ತ ಹತ್ತು ಜನ ನಿಂತಿದ್ದರು. ಅವರ ಎದುರಿಗೆ ತಾಂಡೇಲ 'ಪೇಂಟರು ಎಳೆದದ್ದು' ಅಂತ ಹೇಳುತ್ತಾನೆಯೇ? ಮೀಸೆಯ ಮೇಲೆ ಕೈ ಇಟ್ಟು ಸಮುದ್ರದ ಕಡೆ ಬೆರಳು ತೋರಿಸಿದ. "ಅಲ್ಲಿ. ತುಂಬ ಆಳದಲ್ಲಿ."

"ತೋರಿಸಿ" ಅಂದರು ಅವರು.

ಎರಡು ದಿನ ಅವನ ದೋಣಿಯಲ್ಲಿ ಬಲೆಯ ಬದಲು ಆ ಇಬ್ಬರು, ಅವರ ದುರ್ಬೀನು, ಅವರ ವಹಿಗಳು. ಹೋದಲ್ಲೆಲ್ಲ "ಇಲ್ಲಿಯಾ? ಇನ್ನೂ ಮುಂದೆಯಾ?" ಅಂತ ಕೇಳುವುದು. ಮೂರನೆಯ ದಿನ ಅವರು ಉಪ್ಪುಗಾಳಿಗೆ ಸುಟ್ಟ ಮುಖ ಹೊತ್ತು ಕಾರವಾರಕ್ಕೆ ಹೋದರು, ತಾಂಡೇಲ ನೇರ ನಮ್ಮ ಅಂಗಡಿಗೆ ಬಂದ. "ಎರಡು ದಿನ ಒಂದು ತಾರ್ಲೆ ಮೀನೂ ಹಿಡೀಲಿಲ್ಲ! ಯಾವ ಇಸ್ವಣಕ್ಕೆ ಒಂದು ಬದಿಗೆ ಎರಡು ಕಣ್ಣಿರ್ತದೆ?" ಅಂತ ಸೊಸೆಯ ಎದುರಿಗೇ ಕೂಗಿದ.

ಸೊಸೆ ಪೆನ್ಸಿಲ್ ತೆಗೆದಳು. ಕ್ಯಾಲೆಂಡರಿನ ಪಕ್ಕದ ಗೋಡೆಗೆ ಮೊದಲನೆಯ ಗೀಟು ಬಿತ್ತು.

ನಾನು ಗೆಳೆಯನ ಬೆನ್ನು ಸವರಿ ಅಂದೆ, "ಈಚೆ ಬದಿಯ ಎರಡು ಕಣ್ಣು ನೋಡಿಯೇ ಇಷ್ಟು ಗಾಬರಿಯಾ ನಿನಗೆ? ಆಚೆ ಬದಿಗೆ ಎಷ್ಟು ಉಂಟು ಅಂತ ಇನ್ನೂ ಕೇಳಲೇ ಇಲ್ಲ ನೀನು!"

ಕಣ್ಣು ಮುಚ್ಚಿದರೆ ಭಾವ ಇಲ್ಲ

ಈ ಸಾಫ್ಟ್‌ವೇರಿನಲ್ಲಿ ಪದರ ಅಂತ ಒಂದಿದೆ. ಒಂದೇ ಫೋಟೋದಲ್ಲಿ ಒಬ್ಬೊಬ್ಬರನ್ನೂ ಕತ್ತರಿಸಿ ಬೇರೆ ಬೇರೆ ಹಾಳೆಯ ಮೇಲೆ ಇಟ್ಟ ಹಾಗೆ. ಪ್ರತಿ ಪದರದ ಪಕ್ಕದಲ್ಲಿ ಒಂದು ಪುಟ್ಟ ಕಣ್ಣಿನ ಗುರುತು. ಆ ಕಣ್ಣು ಒತ್ತಿ ಮುಚ್ಚಿದರೆ ಆ ಮನುಷ್ಯ ಮಾಯ. ಮತ್ತೆ ತೆರೆದರೆ ಹಾಜರು. ದೇವರು ಇದೇ ಸಾಫ್ಟ್‌ವೇರ್ ಬಳಸುವುದು ಅಂತ ನನ್ನ ಅಂದಾಜು.

ಅಂಕೋಲೆಯ ಹತ್ತಿರದ ಒಂದು ದೊಡ್ಡ ಮನೆ. ತಂದೆಗೆ ಎಪ್ಪತ್ತೈದು ತುಂಬಿದಾಗ ಮನೆಮಂದಿಯೆಲ್ಲ ನಿಂತು ಫೋಟೋ ತೆಗೆಸಿದ್ದರು. ತಂದೆ ನಡುವೆ ಕುರ್ಚಿಯಲ್ಲಿ, ಸುತ್ತ ಉಳಿದವರು. ಹದಿನೈದು ದಿನ ಆಗಿತ್ತೋ ಇಲ್ಲವೋ, ಹಿರಿಯ ಮಗ ಬಂದ. "ಪೇಂಟರೇ, ಇದರಿಂದ ನಮ್ಮ ಭಾವನನ್ನು ತೆಗೀರಿ. ಬಾವಿಯ ಪಂಪಿನ ವಿಷಯಕ್ಕೆ ಮಾತಾಗಿದೆ. ಅವ ಇನ್ನು ನಮ್ಮ ಮನೆಯವನಲ್ಲ."

ಭಾವನ ಕಣ್ಣು ಮುಚ್ಚಿದೆ. ನಡುವೆ ಖಾಲಿ ಕಾಣುತ್ತದಲ್ಲ ಅಂತ ಅಲ್ಲೊಂದು ಕ್ರೋಟನ್ ಗಿಡದ ಕುಂಡ ತಂದು ನಿಲ್ಲಿಸಿದೆ.

ಚೌತಿ ಹಬ್ಬಕ್ಕೆ ಮೊದಲು ಅವನೇ ಬಂದ. "ಭಾವ ಮಾತಾಡಿದ. ವಾಪಸ್ ಹಾಕಿ." ಕುಂಡದ ಕಣ್ಣು ಮುಚ್ಚಿದೆ, ಭಾವನ ಕಣ್ಣು ತೆರೆದೆ. ಹಬ್ಬ ಮುಗಿಯಿತು, ಗಣಪತಿಯ ಜೊತೆಗೆ ಸಂಧಾನವೂ ನೀರಿಗೆ ಬಿತ್ತು. ಭಾವ ಮತ್ತೆ ಕುಂಡವಾದ. ಹೀಗೆ ಎಷ್ಟು ಸಲ ಅಂತ ಲೆಕ್ಕ ಇಲ್ಲ. ಕೊನೆಕೊನೆಗೆ ಆ ಮಗ ಬಾಗಿಲಲ್ಲಿ ಕಂಡ ಕೂಡಲೇ ನಾನು ಕೇಳುತ್ತಿದ್ದೆ, "ಈ ಸಲ ಭಾವನಾ, ಕುಂಡವಾ?"

ಕೊನೆಗೆ ಒಮ್ಮೆ ಪಕ್ಕಾ ರಾಜಿಯಾಯಿತು. ದೊಡ್ಡ ಕಟ್ಟು ಹಾಕಿಸಿ, ನೆಂಟರನ್ನೆಲ್ಲ ಊಟಕ್ಕೆ ಕರೆದು, ತಂದೆಯ ಕೈಯಿಂದಲೇ ಫೋಟೋದ ಮೇಲಿನ ಕಾಗದ ಬಿಡಿಸುವುದು ಅಂತ ಮಾಡಿದರು. ನನಗೂ ಗಡಿಬಿಡಿ, ಸೊಸೆಗೆ ಬೇರೆ ಗಿರಾಕಿಗಳು. ನಾನು ಭಾವನ ಕಣ್ಣು ತೆರೆದೆ. ಕುಂಡದ ಕಣ್ಣು ಮುಚ್ಚುವ ಬದಲು ಅದರ ಕೆಳಗಿನದ್ದನ್ನು ಮುಚ್ಚಿದೆ. ಆ ಕೆಳಗಿನವರು ತಂದೆ. ಖಾಲಿ ಕುರ್ಚಿ ಕಂಡ ಕೂಡಲೇ ಕೈ ಅಭ್ಯಾಸದ ಹಾಗೆ ಕುಂಡವನ್ನು ಎಳೆದು ಅದರ ಮೇಲೆ ಕೂರಿಸಿತು. ನನ್ನ ತಲೆಗೆ ಇದು ಗೊತ್ತೇ ಇಲ್ಲ, ಕೈ ಮಾಡಿದ್ದು.

ನೆಂಟರೆಲ್ಲ ಸೇರಿದ್ದಾರೆ. ಮುದುಕರು ಕಾಗದ ಬಿಡಿಸಿದರು. ನಡುಗುರ್ಚಿಯಲ್ಲಿ ಕ್ರೋಟನ್ ಗಿಡ, ಪಕ್ಕದಲ್ಲಿ ಹೊಸ ಧೋತರ ಉಟ್ಟು ನಗುತ್ತಿರುವ ಭಾವ.

ಮಗ ಸಿಟ್ಟಿನಿಂದ ಕಟ್ಟನ್ನು ಕಿತ್ತುಕೊಳ್ಳಲು ಬಂದನಂತೆ. ಮುದುಕರು ಬಿಡಲಿಲ್ಲ. ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. "ಇರಲಿ, ತೂಗುಹಾಕು ಇದನ್ನು" ಅಂದರು.

"ಅಪ್ಪಾ, ನೀವೇ ಇಲ್ಲವಲ್ಲ ಇದರಲ್ಲಿ!"

"ಅದಕ್ಕೇ ಹೇಳಿದ್ದು. ಈ ಮನೆಯಲ್ಲಿ ಕುಂಡಕ್ಕಾದರೂ ದಿನಾ ಒಬ್ಬರು ಬಂದು ನೀರು ಬೇಕಾ ಅಂತ ನೋಡ್ತಾರೆ."

ಫೋಟೋ ಇವತ್ತಿಗೂ ಅವರ ಜಗಲಿಯಲ್ಲಿದೆ. ದೂರು ಕೊಟ್ಟದ್ದು ಮಗ. ಎರಡನೆಯ ಗೀಟು.

ಲೈಸೆನ್ಸ್ ಕೇಳಿದವ

ಎರಡು ಗೀಟು ಆದ ಮೇಲೆ ನಾನು ಕುರ್ಚಿಯಲ್ಲಿ ತಿರುಗುವುದನ್ನೂ ಬಿಟ್ಟೆ. ನೆಟ್ಟಗೆ ಕೂತು, ಮೊಡವೆ ತೆಗಿ ಅಂದರೆ ಮೊಡವೆ ಮಾತ್ರ ತೆಗೆಯುತ್ತಿದ್ದೆ. ಮಗ್ಗುಲಲ್ಲಿ ಲ್ಯಾಮಿನೇಶನ್ ಯಂತ್ರ ಬಿಸಿ ಉಸಿರು ಬಿಡುತ್ತಾ ನನ್ನನ್ನೇ ನೋಡುತ್ತಿತ್ತು.

ಅಂಥ ಒಂದು ದಿನ ಸೊಸೆ ಬ್ಯಾಂಕಿಗೆ ಹೋಗಿದ್ದಾಗ ಟೈ ಕಟ್ಟಿದ ಒಬ್ಬ ಮನುಷ್ಯ ಒಳಗೆ ಬಂದ. ದೂರದ ಯಾವುದೋ ಕಂಪನಿಯವನಂತೆ, ಅಂಗಡಿ ಅಂಗಡಿ ತಿರುಗಿ ಸಾಫ್ಟ್‌ವೇರ್ ಮಾರುವವ. "ಫೋಟೋ ಯಾವುದರಲ್ಲಿ ಮಾಡ್ತೀರಿ ಅಜ್ಜಾ? ಲೈಸೆನ್ಸ್ ತೋರಿಸಿ. ಇಲ್ಲದಿದ್ದರೆ ಮೇಲೆ ದೂರು ಹೋಗ್ತದೆ."

ದೂರು! ಮೂರನೆಯ ಗೀಟು ಟೈ ಕಟ್ಟಿಕೊಂಡು ಬಂದು ನಿಂತಿದೆ ಅನ್ನಿಸಿತು. ಆದರೆ ಮುಖದಲ್ಲಿ ತೋರಿಸಲಿಲ್ಲ. "ಕೂತುಕೊಳ್ಳಿ. ಇದು ರಂಪಣಿ" ಅಂದೆ.

"ಯಾವ ಕಂಪನಿ ಅದು?"

"ಕಂಪನಿ ಅಲ್ಲ ಮಾರಾಯ್ರೇ, ಬಲೆ. ನಾನು ಸಣ್ಣವನಿದ್ದಾಗ ನಮ್ಮ ದಂಡೆಯಲ್ಲಿ ಎಳೆಯುತ್ತಿದ್ದರು. ಊರಿಗೆ ಊರನ್ನೇ ಸುತ್ತಬಹುದಾದ ಬಲೆ. ಸಮುದ್ರಕ್ಕೆ ಅರ್ಧಚಂದ್ರದ ಹಾಗೆ ಬಿಟ್ಟು ಎರಡೂ ತುದಿ ಹಿಡಿದು ದಂಡೆಯಿಂದ ಎಳೆಯುವುದು. ಹಗ್ಗಕ್ಕೆ ಕೈ ಹಚ್ಚಿದವನಿಗೆಲ್ಲ ಮೀನಿನ ಪಾಲು. ದಾರಿಯಲ್ಲಿ ಹೋಗುವವ ಬಂದು ಕೈ ಹಚ್ಚಿದರೂ ಅವನ ಪಂಚೆಯ ತುದಿಗೆ ನಾಲ್ಕು ಬಂಗಡೆ. ಒಂದು ಸಲ ನಾವು ಎಳೆದ ಬಲೆಯಲ್ಲಿ ಎಷ್ಟು ಮೀನು ಬಿತ್ತು ಅಂದರೆ, ಸಮುದ್ರ ಒಂದು ಮೊಳ ಕೆಳಗೆ ಇಳಿಯಿತು. ಈ ಸಾಫ್ಟ್‌ವೇರ್ ಹಾಗೆಯೇ. ಲೋಕದ ಜನ ಸೇರಿ ಎಳೆಯುವುದು, ಯಾರು ಬೇಕಾದರೂ ಪಾಲು ತಗೊಳ್ಳುವುದು."

"ಬಲೆ ಹರಿದರೆ?"

"ಹರಿದದ್ದು ಯಾರ ಕಣ್ಣಿಗೆ ಬೀಳ್ತದೋ ಅವ ಹೊಲೀತಾನೆ. ಅವನಿಗೆ ಬರದಿದ್ದರೆ ಕೂಗಿ ಹೇಳ್ತಾನೆ. ನಾನೂ ಕೂಗಿದ್ದೆ, ಥ್ಯಾಂಕ್ಸ್ ಬಂದಿದೆ."

ಮನುಷ್ಯ ಪ್ರಾಣಿಯ ಮುಖವನ್ನು ಬಗ್ಗಿ ನೋಡಿದ. ಆಮೇಲೆ ಎದ್ದು ಬಾಗಿಲನ್ನು ಅರ್ಧ ಎಳೆದು, ಚೀಲದಿಂದ ತನ್ನ ಲ್ಯಾಪ್‌ಟಾಪ್ ತೆಗೆದ. ಧ್ವನಿ ಸಣ್ಣದಾಯಿತು. "ಅಜ್ಜಾ, ಮಗಳ ಹುಟ್ಟುಹಬ್ಬದ ಫೋಟೋ ಸರಿ ಮಾಡಬೇಕು. ನಾನು ಮಾರುವುದನ್ನು ನಾನೇ ಕೊಂಡುಕೊಳ್ಳುವಷ್ಟು ಸಂಬಳ ನನಗಿಲ್ಲ. ಈ ಪ್ರಾಣಿಯನ್ನು ಇದರೊಳಗೂ ಬಿಡ್ತೀರಾ?"

"ಅದಕ್ಕೇನು? ಆದರೆ ಮೊದಲು ಹಗ್ಗಕ್ಕೆ ಕೈ ಹಚ್ಚಬೇಕು" ಅಂದೆ.

ಹೊರಗೆ ಆಟೋದಲ್ಲಿ ಝೆರಾಕ್ಸ್ ಕಾಗದದ ಕಟ್ಟುಗಳು ಬಂದು ನಿಂತಿದ್ದವು. ಬ್ಯಾಂಕಿನಿಂದ ಸೊಸೆ ಬರುವಾಗ ಆ ಮನುಷ್ಯ ಟೈಯನ್ನು ಹೆಗಲ ಹಿಂದೆ ಎಸೆದುಕೊಂಡು ಕೊನೆಯ ಕಟ್ಟು ಹೊರುತ್ತಿದ್ದ.

"ಯಾರು ಮಾವಾ ಇವರು?"

"ನನ್ನ ಲೈಸೆನ್ಸ್ ನೋಡ್ಲಿಕ್ಕೆ ಬಂದವರು" ಅಂದೆ.

ಕೋಟು

ಈಗ ಕೋಟಿನ ಸಂಗತಿ. ಇದರಲ್ಲಿ ನನ್ನ ಕುರ್ಚಿ ಹೋಗಿಯೇ ಹೋಯಿತು ಅಂತ ನಾನೇ ತಿಳಿದಿದ್ದೆ.

ನಮ್ಮ ಕಡೆಯ ಸೆಕೆ ನಿಮಗೆ ಗೊತ್ತು. ಅಂಗಿ ಹಾಕುವುದೇ ಮರ್ಯಾದೆಗೆ. ಕೋಟು ಯಾರು ಹಾಕುತ್ತಾರೆ? ಹೊಲ, ದೋಣಿ ಅಂತ ದುಡಿದ ನಮ್ಮ ಹಿರಿಯರು ಬರಿಮೈಯಲ್ಲೇ ಹುಟ್ಟಿ, ಬರಿಮೈಯಲ್ಲೇ ಬೆಳೆದು, ಹೆಗಲ ಮೇಲೆ ಒಂದು ಟವೆಲಿನಲ್ಲೇ ಹೋದವರು. ಫೋಟೋ ತೆಗೆಸಿಕೊಂಡವರೂ ಅಲ್ಲ. ಅವರು ತೀರಿಕೊಂಡ ಮೇಲೆ ಹನ್ನೆರಡನೆಯ ದಿನದ ಊಟಕ್ಕೆ ಗೋಡೆಗೆ ಒಂದು ಫೋಟೋ ಬೇಕು. ಮನೆಯವರು ಬರುತ್ತಾರೆ, ರೇಶನ್ ಕಾರ್ಡಿನದ್ದೋ, ಯಾರದ್ದೋ ಮದುವೆಯ ಗುಂಪಿನದ್ದೋ ಬೆರಳುಗುರಿನಷ್ಟು ಮುಖ ಹಿಡಿದುಕೊಂಡು. "ಪೇಂಟರೇ, ಸ್ವಲ್ಪ ಮರ್ಯಾದೆಯಾಗಿ ಕಾಣಬೇಕು."

ಆಗ ನನಗೆ ನೆನಪಾದದ್ದು ಸಾಯಬರ ಕೋಟು. ಈ ಸಾಯಬರು ಕಾರವಾರದ ಒಂದು ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಈಗ ಅಂಕೋಲೆಯಲ್ಲಿ ಮನೆ. ನಿವೃತ್ತಿಯ ವರ್ಷ ನಮ್ಮಲ್ಲಿ ಫೋಟೋ ತೆಗೆಸಿದ್ದರು, ನೀಲಿ ಕೋಟು ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತಾ. ಆ ಫೋಟೋ ಕಂಪ್ಯೂಟರಿನಲ್ಲೇ ಇತ್ತು. ಕೋಟನ್ನು ಕತ್ತರಿಸಿ ಒಂದು ಪದರ ಮಾಡಿ ಇಟ್ಟುಕೊಂಡೆ. ತೀರಿಕೊಂಡವರ ಮುಖ ದೊಡ್ಡದು ಮಾಡಿ ಅದರ ಮೇಲೆ ಕೂರಿಸಿದೆ. ಒಬ್ಬ ತಾಯಿ ಆ ಫೋಟೋ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು, "ಜೀವ ಇರುವಾಗ ಒಂದು ಒಳ್ಳೆಯ ಅಂಗಿ ಹಾಕಿದವರಲ್ಲ. ಈಗ ನೋಡಿ, ಕಚೇರಿಯಿಂದ ಬಂದ ಹಾಗೆ ಕಾಣ್ತಾರೆ." ಈ ಮಾತು ಕೇಳಿದ ಮೇಲೆ ನಾನು ಸುಮ್ಮನೆ ಕೂರಲಿಕ್ಕುಂಟೇ? ಅಲ್ಲಿಂದ ಮುಂದೆ ಬಂದವರೆಲ್ಲ, "ಅವರ ಮನೆಯಲ್ಲಿ ಹಾಕಿದ್ದೀರಲ್ಲ, ಅದೇ ಕೋಟು ಇರಲಿ" ಅನ್ನತೊಡಗಿದರು. ಬೇಲೆಕೇರಿಯಲ್ಲಿ ಹಾಕಿಸಿದೆ, ಅಂಕೋಲೆಯಲ್ಲಿ ಹಾಕಿಸಿದೆ, ಕಾರವಾರದವರೆಗೂ ಹಾಕಿಸಿದೆ. ಕೋಟಿಗೆ ಹೊಂದುವ ಹಾಗೆ ಒಂದು ಗಂಧದ ಹಾರ, ಒಂದು ದೀಪ, ಕೆಳಗೆ 'ಜನನ', 'ಮರಣ' ಅಂತ ಬರೆದು ಮುಂದೆ ಖಾಲಿ ಜಾಗ, ಎಲ್ಲವನ್ನೂ ಪದರ ಪದರವಾಗಿ ಜೋಡಿಸಿ ತಯಾರು ಇಟ್ಟುಕೊಂಡಿದ್ದೆ. ಮುಖ ತಂದರೆ ಸಾಕು, ಕಾಲು ಗಂಟೆಯ ಕೆಲಸ.

ಒಂದು ಬೆಳಿಗ್ಗೆ ಸಾಯಬರು ಅಂಗಡಿಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದಿಂದ ನೀಲಿ ಕೋಟು ತೆಗೆದು ಸೊಸೆಯ ಎದುರಿಗೆ ಕೌಂಟರಿನ ಮೇಲೆ ಹಾಸಿದರು. ಡಾಂಬರು ಗುಳಿಗೆಯ ವಾಸನೆ ಅಂಗಡಿ ತುಂಬಿತು.

"ಬಾಯೀ, ಈ ಗುಂಡಿ ನೋಡಿ" ಅಂದರು. ಎರಡು ಗುಂಡಿ ಕಪ್ಪು, ಮೂರನೆಯದು ಕಂದು. "ಮೂರನೆಯ ಗುಂಡಿ ಬಿದ್ದುಹೋಗಿ ನನ್ನ ಹೆಂಡತಿ ಹೊಲಿದು ಕೊಟ್ಟದ್ದು. ಲೋಕದಲ್ಲಿ ಇಂಥ ಕೋಟು ಇನ್ನೊಂದಿಲ್ಲ. ಹೋದ ತಿಂಗಳು ಬೇಲೆಕೇರಿಗೆ ಹನ್ನೆರಡನೆಯ ದಿನದ ಊಟಕ್ಕೆ ಹೋದೆ. ಗೋಡೆಯ ಮೇಲೆ ನನ್ನ ಕೋಟು, ಒಳಗೆ ಬೇರೆ ಯಾರೋ! ನನಗೇ ಭ್ರಮೆ ಅಂದುಕೊಂಡೆ. ಕಾರವಾರದಲ್ಲಿ ಇನ್ನೊಂದು ಊಟಕ್ಕೆ ಹೋದೆ. ಅಲ್ಲೂ ಅದೇ ಕೋಟು, ಅದೇ ಕಂದು ಗುಂಡಿ. ನಿನ್ನೆ ನಮ್ಮ ಪಕ್ಕದ ಮನೆಯಲ್ಲೇ! ಮನೆಗೆ ಓಡಿ ಹೋಗಿ ಕಪಾಟು ತೆರೆದು ನೋಡಿದೆ, ಕೋಟು ಅಲ್ಲೇ ಇದೆ. ನಾನು ಬದುಕಿರುವಾಗಲೇ ನನ್ನ ಕೋಟು ಎಷ್ಟು ಸಲ ಸತ್ತಿದೆ ಅಂತ ಲೆಕ್ಕ ಕೊಡಿ. ಇದು ದೂರು. ಬರೆದುಕೊಳ್ಳಿ!"

ಸೊಸೆ ನನ್ನ ಮುಖ ನೋಡಿದಳು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಗೋಡೆಯ ಹತ್ತಿರ ಹೋದಳು. ನನ್ನ ಕೈ ತಾನಾಗಿ ದಿಂಬು ಹಿಡಿದುಕೊಂಡಿತು.

"ಸಾಯಬ್ರೇ, ಒಂದು ನಿಮಿಷ!" ಅಂದೆ. "ಒಂದು ಕೋಟು ಎಷ್ಟು ಜನರಿಗೆ ಮರ್ಯಾದೆ ಕೊಟ್ಟಿದೆ ನೋಡಿ. ಇದು ರಂಪಣಿಯ ಹಾಗೆ..."

"ರಂಪಣಿ ಗಿಂಪಣಿ ಬೇಡ. ನನ್ನ ಫೋಟೋ ಎಲ್ಲಿ? ಮೊದಲು ಅದನ್ನು ತೋರಿಸು."

ತೆರೆದೆ. ಕಂಪ್ಯೂಟರಿನ ತುಂಬ ನೀಲಿ ಕೋಟು, ಕಾಲರು, ಕಾಲರಿನ ಮೇಲೆ ಏನೂ ಇಲ್ಲ.

"ನನ್ನ ತಲೆ ಎಲ್ಲಿ?"

"ತಲೆ..." ಅಂದೆ. "ತಲೆಯನ್ನು ಯಾರೂ ಕೇಳಲಿಲ್ಲ ಸಾಯಬ್ರೇ. ಎಲ್ಲರೂ ಕೋಟು ಕೇಳಿದರು. ಹಾಗಾಗಿ ತಲೆ ಇಟ್ಟುಕೊಳ್ಳಲಿಲ್ಲ."

ಗೋಡೆಯ ಮೇಲೆ ಪೆನ್ಸಿಲ್ ಗೀಚುವ ಸದ್ದು ಶುರುವಾಯಿತು. ನನಗೆ ಹೇಗೆ ಬುದ್ಧಿ ಹೊಳೆಯಿತೋ, ಸಾಯಬರ ಕೈ ಹಿಡಿದು ಸ್ಟೂಲಿನ ಮೇಲೆ ಕೂರಿಸಿದೆ. "ಈಗಲೇ ಹೊಸ ಫೋಟೋ ತೆಗೆದು ನಿಮ್ಮ ಕೋಟಿನೊಳಗೆ ನಿಮ್ಮನ್ನೇ ಕೂರಿಸಿ ಕೊಡ್ತೇನೆ. ನಿಮ್ಮ ಕಣ್ಣೆದುರಿಗೇ. ಚೆಂದ ಆಗದಿದ್ದರೆ ಗೀಟು ಪೂರ್ತಿ ಎಳೆಯಲಿ."

ಸೊಸೆ ಪೆನ್ಸಿಲನ್ನು ಗೋಡೆಗೆ ಒತ್ತಿಕೊಂಡೇ ನಿಂತಳು. ಸಾಯಬರು ಚೌಕುಳಿ ಲುಂಗಿ, ಅರ್ಧ ತೋಳಿನ ಅಂಗಿಯಲ್ಲಿದ್ದರು. ಫೋಟೋ ತೆಗೆದೆ. ಮುಖ ಕತ್ತರಿಸಿದೆ. ನಾನು ದಿನಾ ಬಳಸುವ ಕೋಟಿನ ಕಡತಕ್ಕೆ ಹೋಗಿ, ಹಿಂದಿನ ವಾರ ತೀರಿಕೊಂಡವರ ಮುಖದ ಕಣ್ಣು ಮುಚ್ಚಿ, ಸಾಯಬರ ಮುಖ ಕೂರಿಸಿದೆ. ನೆರಳು ಕೊಟ್ಟೆ. ಕುತ್ತಿಗೆ ಕಾಲರಿಗೆ ಹೇಗೆ ಕೂತಿತು ಅಂದರೆ, ದರ್ಜಿಯೇ ಹೊಲಿದ ಹಾಗೆ. ನನ್ನ ಕೈ ಮೇಲೆ ನನಗೇ ಹೆಮ್ಮೆ ಬಂತು. "ಬನ್ನಿ ಸಾಯಬ್ರೇ, ನೋಡಿ ನಿಮ್ಮನ್ನು!" ಅಂತ ಕುರ್ಚಿ ತಿರುಗಿಸಿದೆ.

ಸಾಯಬರು ಬಗ್ಗಿ ನೋಡಿದರು. ಮುಖದ ಬಣ್ಣ ಹೋಯಿತು.

ನಾನೂ ನೋಡಿದೆ. ಮುಖದ ಕಣ್ಣನ್ನೇನೋ ಮುಚ್ಚಿದ್ದೆ. ಹಾರದ ಕಣ್ಣು ಮುಚ್ಚಿರಲಿಲ್ಲ. ದೀಪದ ಕಣ್ಣೂ. ಸಾಯಬರು ನೀಲಿ ಕೋಟಿನಲ್ಲಿ, ಗಂಧದ ಹಾರದೊಳಗೆ, ಎದುರಿಗೆ ಉರಿಯುವ ದೀಪ ಇಟ್ಟುಕೊಂಡು ಶಾಂತವಾಗಿ ನಗುತ್ತಿದ್ದರು. ಕೆಳಗೆ 'ಮರಣ' ಅಂತ ಇತ್ತು. ಅದರ ಮುಂದೆ ಖಾಲಿ.

"ತೆಗಿ" ಅಂದರು. ಧ್ವನಿ ಬರಲಿಲ್ಲ, ಗಾಳಿ ಮಾತ್ರ ಬಂತು. "ತೆಗಿ ಮಾರಾಯಾ, ತೆಗಿ!"

"ತೆಗೀತೇನೆ, ತೆಗೀತೇನೆ. ಮೊದಲು ಹಾರ ತೆಗೀಲಾ, ದೀಪ ತೆಗೀಲಾ?"

"ಕೋಟು ತೆಗಿ! ಈ ಕೋಟು ಹಾಕಿಕೊಂಡವರು ಒಬ್ಬರೂ ಉಳಿದಿಲ್ಲ!"

ಕಂಪ್ಯೂಟರಿನ ಎರಡು ಗುಂಡಿ ಒಟ್ಟಿಗೆ ಒತ್ತಿದೆ. ಈ ಸಾಫ್ಟ್‌ವೇರಿನಲ್ಲಿ ಹಾಗೆ ಒತ್ತಿದರೆ ಮಾಡಿದ ಕೆಲಸ ಒಂದೊಂದೇ ಹಿಂದಕ್ಕೆ ಹೋಗುತ್ತದೆ. ನೆರಳು ಹೋಯಿತು, ಕುತ್ತಿಗೆ ಹೋಯಿತು, ಮುಖ ಹೋಯಿತು. ಮುಖ ಹೋಗುವುದನ್ನು ಕಂಡು ಸಾಯಬರು ತಮ್ಮ ಕೆನ್ನೆ ಮುಟ್ಟಿ ನೋಡಿಕೊಂಡರು. ಆಮೇಲೆ ಲುಂಗಿ ಅಂಗಿಯ ಫೋಟೋವನ್ನು ತೆರೆದು ತೋರಿಸಿದೆ. "ಇದು ಚೆಂದ ಉಂಟು. ಇದೇ ಇರಲಿ" ಅಂತ ಉಸಿರು ಬಿಟ್ಟರು.

ಸೊಸೆ ಗೋಡೆಯ ಹತ್ತಿರದಿಂದ ಕೇಳಿದಳು, "ಸರ್, ದೂರು?"

"ಯಾವ ದೂರು?"

"ಕೋಟಿನದ್ದು."

"ಯಾವ ಕೋಟು? ಆ ಕೋಟು ನನ್ನದಲ್ಲ!" ಅಂದವರೇ ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದ ಕಡೆ ನಡೆದೇಬಿಟ್ಟರು. ಕೋಟು ಕೌಂಟರಿನ ಮೇಲೇ ಉಳಿಯಿತು. ನಾನು ಬಾಗಿಲಿಗೆ ಬಂದು, "ಸಾಯಬ್ರೇ, ನಿಮ್ಮ ಕೋಟು!" ಅಂತ ಎತ್ತಿ ಹಿಡಿದು ಕೂಗಿದೆ. ಆ ವಯಸ್ಸಿನಲ್ಲಿ ಅಷ್ಟು ವೇಗ ನಾನು ಯಾರಲ್ಲೂ ನೋಡಿಲ್ಲ.

ಕೋಟು ಈಗ ಅಂಗಡಿಯ ಮೊಳೆಗೆ ತೂಗಿದೆ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರಿಗೆ, "ಹಾಕ್ಕೊಳ್ಳಿ, ಬಿಟ್ಟಿ" ಅಂದರೆ ಯಾರೂ ಮುಟ್ಟುವುದಿಲ್ಲ. ಗೋಡೆಯ ಮೇಲೆ ಎರಡು ಪೂರ್ತಿ ಗೀಟು, ಪಕ್ಕದಲ್ಲಿ ಒಂದು ಅರ್ಧ ಗೀಟು. ಅರ್ಧಕ್ಕೆ ಶಿಕ್ಷೆ ಇಲ್ಲ ಅಂತ ಸೊಸೆಯ ಬಾಯಿಂದಲೇ ಹೇಳಿಸಿದ್ದೇನೆ. ಕುರ್ಚಿ ನನ್ನದೇ, ದಿಂಬೂ ನನ್ನದೇ.

"ಮಾವಾ, ನಿಮ್ಮ ತಪ್ಪೇ ನಿಮ್ಮನ್ನು ಉಳಿಸಿತು" ಅನ್ನುತ್ತಾಳೆ ಅವಳು. ಹೆಣ್ಣುಮಗಳು, ಏನು ಗೊತ್ತಾಗುತ್ತದೆ ಅಂತ ನಾನು ಮೊದಲು ಅನ್ನುತ್ತಿದ್ದೆ. ಅಂಗಡಿ ಅವಳದ್ದು ಅಂತ ನೆನಪಾಗಿ ಈಗ ಅನ್ನುವುದಿಲ್ಲ. ಆದರೆ ನೀವೇ ಹೇಳಿ. ಈ ತಾಲೂಕಿನಲ್ಲಿ ಆ ಕೋಟಿನೊಳಗೆ ಹೋಗಿ ಜೀವಂತ ಹೊರಗೆ ಬಂದವರು ಸಾಯಬರೊಬ್ಬರೇ. ಯಾವ ಡಾಕ್ಟರೂ ಮಾಡದ ಕೆಲಸವನ್ನು ಎರಡು ಗುಂಡಿ ಒತ್ತಿ ಮಾಡಿದವ ನಾನು. ಅದಕ್ಕೊಂದು ಥ್ಯಾಂಕ್ಸ್ ಹೇಳಬೇಕು ತಾನೇ? ಇಲ್ಲ. ನನ್ನನ್ನು ಪೇಟೆಯಲ್ಲಿ ಕಂಡರೆ ಸಾಕು, ಸಾಯಬರು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ, ಎರಡೂ ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡು.